ಅಡಿಕೆ ಮರಕ್ಕೆ ಸುಣ್ಣ ಬಳಿಯೋದು ಚಂದಕ್ಕಲ್ಲ

ಮಳೆಗಾಲ ಮುಗಿದ್ಮೇಲೆ ಮಲೆನಾಡು, ಕರಾವಳಿ ಕಡೆ ಹೋದ್ರೆ ತೋಟದ ಅಂಚಿನ ಅಡಿಕೆ ಮರಗಳಿಗೆ ಸುಣ್ಣ ಬಳಿದಿರೋದು ಕಾಣ್ಸುತ್ತೆ. ಗೆದ್ದಲಿಗೆ ಅಂತ ಕೆಲವ್ರು, ಚಂದಕ್ಕೆ ಅಂತ ಕೆಲವ್ರು ಹೇಳ್ತಾರೆ. ಮುಖ್ಯ ಕಾರಣ ಬಿಸಿಲು, ಅದರಲ್ಲೂ ನೈಋತ್ಯದ ಬಿಸಿಲು.

ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಹಾಗಾಗಿ ಮಧ್ಯಾಹ್ನ ಕಳೆದ್ಮೇಲೆ ಬಿಸಿಲು ಓರೆಯಾಗಿ ಬಂದು ಸೀದಾ ಕಾಂಡಕ್ಕೇ ಹೊಡೆಯುತ್ತೆ. ಬೆಳಿಗ್ಗೆ ಆಗ್ನೇಯದಿಂದಲೂ ಬೀಳುತ್ತಲ್ಲ ಅಂದ್ರೆ, ಹೌದು ಬೀಳುತ್ತೆ, ಆದ್ರೆ ಆಗ ಗಾಳಿಯೂ ತಂಪು, ಕಾಂಡವೂ ತಂಪು. ಮಧ್ಯಾಹ್ನಕ್ಕೆ ಎರಡೂ ಕಾದಿರ್ತವೆ. ಬಿಸಿಲು ತಾಗಿದ ಕಡೆ ಕಾಂಡ ಮೊದ್ಲು ಹಳದಿ ಆಗುತ್ತೆ, ಆಮೇಲೆ ಕಂದು, ಆಮೇಲೆ ಸೀಳು.

ಮಾವಿಗೋ ಹಲಸಿಗೋ ಹೀಗಾದ್ರೆ ಅಷ್ಟು ಚಿಂತೆ ಇಲ್ಲ, ತೊಗಟೆ ಒಳಗೆ ಕ್ಯಾಂಬಿಯಂ ಅನ್ನೋ ತೆಳು ಪದರ ಇರುತ್ತೆ, ಅದು ಹೊಸ ಜೀವಕೋಶ ಹುಟ್ಟಿಸ್ತಾ ನಿಧಾನಕ್ಕೆ ಗಾಯ ಮುಚ್ಚುತ್ತೆ. ಅಡಿಕೆ ಏಕದಳ ಸಸ್ಯ, ತೆಂಗು ಬಿದಿರಿನ ಹಾಗೆ. ಅದಕ್ಕೆ ಕ್ಯಾಂಬಿಯಮ್ಮೇ ಇಲ್ಲ. ಅಂದ್ರೆ ಇವತ್ತು ಬಿದ್ದ ಸೀಳು ಮರ ಇರೋವರೆಗೂ ಹಾಗೇ ಇರುತ್ತೆ, ಅದರೊಳಗೆ ನೀರಿಳಿದು, ಶಿಲೀಂಧ್ರ ಹತ್ತಿ, ಹುಳ ಹೊಕ್ಕು, ಮುಂದೆ ಯಾವತ್ತೋ ಒಂದು ಜೋರು ಗಾಳಿಗೆ ಮರ ಸರಿಯಾಗಿ ಅಲ್ಲೇ ಮುರಿಯುತ್ತೆ.

ಸುಣ್ಣ ಮಾಡೋದು ಇಷ್ಟೇ, ಬಿಸಿಲಿನ ಬಹುಪಾಲನ್ನ ವಾಪಸ್ ಕಳಿಸುತ್ತೆ, ಕಾಂಡ ಕಾಯಲ್ಲ. ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತೆ, ಆದ್ರೂ ಮಳೆಗೆ ತೊಳೆದು ಹೋಗೋದು ತಪ್ಪಲ್ಲ, ಪ್ರತಿ ವರ್ಷ ಬಳೀಬೇಕು. ಹೆಚ್ಚು ದಿನ ಬಾಳುತ್ತೆ ಅಂತ ಆಯಿಲ್ ಪೇಂಟ್ ಹೊಡೆಯೋಕೆ ಮಾತ್ರ ಹೋಗ್ಬೇಡಿ, ಅದರಲ್ಲಿರೋ ದ್ರಾವಕ ಕಾಂಡಕ್ಕೆ ಹಾನಿ ಮಾಡ್ಬಹುದು. ಎಳೇ ಗಿಡಗಳಿಗೆ ಸೋಗೆ ಕಟ್ಟೋ ಹಳೇ ಪದ್ಧತಿಯೂ ಚೆನ್ನಾಗೇ ಕೆಲ್ಸ ಮಾಡುತ್ತೆ, ಖರ್ಚೂ ಇಲ್ಲ.

ಚಳಿ ದೇಶಗಳಲ್ಲಿ ಸೇಬಿನ ಮರಕ್ಕೂ ಬಿಳಿ ಬಳೀತಾರೆ, ಅಲ್ಲಿ ಕಥೆ ಸ್ವಲ್ಪ ಬೇರೆ. ಹಿಮಗಾಲದ ಮಧ್ಯಾಹ್ನ ತೊಗಟೆ ಬೆಚ್ಚಗಾಗಿ ಜೀವಕೋಶಗಳು ಚಳಿ ತಡೆಯೋ ಶಕ್ತಿ ಕಳ್ಕೊಳ್ತವೆ, ಸೂರ್ಯ ಮುಳುಗಿದ ಕೂಡ್ಲೇ ಹೆಪ್ಪುಗಟ್ಟಿ ಸಾಯ್ತವೆ. ವಿಚಿತ್ರ ಅಂದ್ರೆ ಅಲ್ಲೂ ಪೆಟ್ಟು ಬೀಳೋದು ಹೆಚ್ಚಾಗಿ ನೈಋತ್ಯಕ್ಕೇ.

ಹೊಸ ತೋಟ ಹಾಕೋರಿಗೆ ಇನ್ನೊಂದು ದಾರಿ ಇದೆ. ಸಾಲನ್ನ ನೇರ ಉತ್ತರ-ದಕ್ಷಿಣ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಟ್ರೆ ಒಂದು ಮರದ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತೆ. ಅಂಚಿನ ಸಾಲಿಗೆ ಮಾತ್ರ ಆ ಭಾಗ್ಯ ಇಲ್ಲ, ಪಕ್ಕದ ಜಾಗದವ್ರು ಪಶ್ಚಿಮದ ಕಡೆ ಇದ್ದ ಮರ ಕಡಿಸಿದ್ರಂತೂ ಆ ವರ್ಷವೇ ಸುಣ್ಣ ಕಲಸ್ಬೇಕು.