ಟ್ಯಾಕ್ಟಿಕಲ್ ಅಂದರೆ ಬರೀ ಟರ್ನ್ ಬೇಸ್ಡ್ ಅಲ್ಲ

ಚೌಕಗಳ ಹಾಸಿನ ಮೇಲೆ ಪಡೆ ನಡೆಸುವ ಜಪಾನಿನ ವಿಡಿಯೋ ಗೇಮ್ ಸರಣಿ ಫೈರ್ ಎಂಬ್ಲೆಮ್ ಅನ್ನು ಮೊದಲ ಸಲ ಆಡಲು ಕೂತವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ: "ಟ್ಯಾಕ್ಟಿಕಲ್ ಆರ್‌ಪಿಜಿ ಅಂದ್ರೆ ಏನಿಲ್ಲ ಗುರು, ಟರ್ನ್ ಬೇಸ್ಡ್ ಅಷ್ಟೇ. ಲೆವೆಲ್ ಏರಿಸ್ಕೊ. ಒಬ್ಬನ್ನ ಚೆನ್ನಾಗಿ ಬೆಳೆಸು, ಅವನೇ ಎಲ್ಲಾ ನೋಡ್ಕೋತಾನೆ." ಮೂರು ವಾಕ್ಯ, ಮೂರೂ ದಾರಿ ತಪ್ಪಿಸುವಂಥವು. ಮೊದಲನೆಯದು ಪದದ ಅರ್ಥವನ್ನೇ ಕೆಡಿಸಿದೆ, ಉಳಿದೆರಡು ಅದರಿಂದ ಹುಟ್ಟಿದ ಮರಿಗಳು. ಈಗೀಗ ಪೋಕೆಮಾನ್‌ಗೂ ಟ್ಯಾಕ್ಟಿಕಲ್, ಮೊಬೈಲ್‌ನ ಕಾರ್ಡ್ ಆಟಕ್ಕೂ ಟ್ಯಾಕ್ಟಿಕಲ್. ಸರದಿಗೆ ಕಾಯಬೇಕಾದ ಆಟ ಯಾವುದಿದ್ದರೂ ಸರಿ, ಈ ಹಣೆಪಟ್ಟಿ ಅಂಟಿಸುವುದೊಂದು ಚಾಳಿಯಾಗಿದೆ.

ಆರ್‌ಪಿಜಿ ಎಂದರೇನು, ಲೆವೆಲ್ ಎಂದರೇನು ಎಂದು ಹೆಚ್ಚು ವಿವರಿಸುತ್ತ ಕೂರುವುದಿಲ್ಲ: ಮೊದಲನೆಯದು ಪಾತ್ರಗಳನ್ನು ಬೆಳೆಸುತ್ತ ಆಡುವ ಆಟ, ಎರಡನೆಯದು ಆ ಬೆಳವಣಿಗೆಯ ಮೆಟ್ಟಿಲು. ತಕರಾರಿರುವುದು ಆ ಆಟದ ಹೆಸರಿನ ಮುಂದೆ ಬಂದು ಕೂರುವ ಟ್ಯಾಕ್ಟಿಕಲ್ ಎಂಬ ವಿಶೇಷಣದ ಬಗ್ಗೆ.

ಗ್ರೀಕಿನಲ್ಲಿ ತಾಸ್ಸೇಯ್ನ್ ಎಂದೊಂದು ಕ್ರಿಯಾಪದ. ಸಾಲಾಗಿ ನಿಲ್ಲಿಸು, ಇಡಬೇಕಾದಲ್ಲಿ ಇಡು, ಹೊಂದಿಸು ಎಂದು ಅದರ ಅರ್ಥ. ಅದರಿಂದ ಬಂದದ್ದು ತಕ್ತಿಕೇ ತೆಖ್ನೇ, ಅಂದರೆ ಪಡೆಯನ್ನು ಹೊಂದಿಸಿ ನಿಲ್ಲಿಸುವ ವಿದ್ಯೆ. ಯಾರು ಎಷ್ಟು ಬಲಶಾಲಿ, ಯಾರ ಸರದಿ ಯಾವಾಗ ಎಂಬ ಮಾತೇ ಆ ಪದದೊಳಗಿಲ್ಲ. ಅದು ಕೇಳುವುದು ಒಂದೇ: ಯಾರು ಎಲ್ಲಿ ನಿಂತಿದ್ದಾರೆ? ಗ್ರೀಕ್ ಕಾಲಾಳುಗಳು ಫ್ಯಾಲಾಂಕ್ಸ್ (ಒತ್ತೊತ್ತಾದ ಸಾಲು) ಕಟ್ಟಿ ನಿಂತಾಗ ಪ್ರತಿಯೊಬ್ಬನ ಎಡಗೈಯ ಗುರಾಣಿ ತನ್ನ ಎಡಭಾಗವನ್ನೂ ಎಡಗಡೆ ನಿಂತವನ ಬಲಭಾಗವನ್ನೂ ಕಾಯುತ್ತಿತ್ತು. ಹೀಗಾಗಿ ಒಬ್ಬೊಬ್ಬನೂ ತನ್ನ ಬಲಮಗ್ಗುಲನ್ನು ಪಕ್ಕದವನ ಗುರಾಣಿಯ ಮರೆಗೆ ತರಲು ಸರಿಯುತ್ತ, ಇಡೀ ಸೇನೆಯೇ ನಡೆಯುವಾಗ ಬಲಕ್ಕೆ ವಾಲುತ್ತಿತ್ತು ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಪಕ್ಕದಲ್ಲಿ ಜೊತೆಗಾರನಿದ್ದರೆ ಬಲ ಹೆಚ್ಚು ಎಂಬ ಫೈರ್ ಎಂಬ್ಲೆಮ್ ಅವೇಕನಿಂಗ್‌ನ ನಿಯಮ ಯಾರೋ ಡಿಸೈನರ್ ಗಾಳಿಯಲ್ಲಿ ಹಿಡಿದು ತಂದದ್ದಲ್ಲ. ಅಂದಹಾಗೆ, ವ್ಯಾಕರಣದವರ ಸಿಂಟ್ಯಾಕ್ಸ್ ಕೂಡ ಇದೇ ಬೇರಿನದು. ಅಲ್ಲಿ ಹೊಂದಿಸುವುದು ಪದಗಳನ್ನು, ಇಲ್ಲಿ ಬಿಲ್ಲುಗಾರರನ್ನು.

ಸ್ಟ್ರಾಟಜಿಯ ಮನೆತನ ಬೇರೆ. ಸ್ತ್ರಾತೋಸ್ ಎಂದರೆ ಸೇನೆ, ಆಗೇಯ್ನ್ ಎಂದರೆ ನಡೆಸು. ಎರಡೂ ಕೂಡಿ ಸ್ತ್ರಾತೆಗೋಸ್, ಅಂದರೆ ಸೇನಾಪತಿ. ಅವನು ಮಾಡುವ ಕೆಲಸ ಸ್ಟ್ರಾಟಜಿ. ಪ್ರಷ್ಯಾದ ಸೇನಾಧಿಕಾರಿ ಕ್ಲೌಸೆವಿಟ್ಸ್ 19ನೇ ಶತಮಾನದಲ್ಲಿ ಎರಡರ ನಡುವೆ ಗೆರೆ ಎಳೆದ. ಒಂದು ಕಾಳಗದೊಳಗೆ ಪಡೆಯನ್ನು ಬಳಸುವುದು ಟ್ಯಾಕ್ಟಿಕ್ಸ್, ಯುದ್ಧದ ಗುರಿ ಮುಟ್ಟಲು ಕಾಳಗಗಳನ್ನೇ ಬಳಸುವುದು ಸ್ಟ್ರಾಟಜಿ. ಈ ಗೆರೆ ಆಟಗಳಲ್ಲೂ ಚೆನ್ನಾಗಿ ಕಾಣುತ್ತದೆ. ಅನ್ಯಗ್ರಹ ಜೀವಿಗಳೊಡನೆ ಕಾದಾಡುವ ಎಕ್ಸ್‌ಕಾಮ್‌ನಲ್ಲಿ ನೆಲದಡಿಯ ನೆಲೆ ಕಟ್ಟುವುದು, ಯಾವ ಸಂಶೋಧನೆ ಮೊದಲು ಎಂದು ತೀರ್ಮಾನಿಸುವುದು ಸ್ಟ್ರಾಟಜಿ. ನಕಾಶೆಗಿಳಿದು ಯಾವ ಗೋಡೆಯ ಹಿಂದೆ ಯಾರು ಎಂದು ನೋಡುವುದು ಟ್ಯಾಕ್ಟಿಕ್ಸ್. ಜಪಾನೀಯರು ಈ ಜಾತಿಯ ಆಟವನ್ನು ಸಿಮ್ಯುಲೇಷನ್ ಆರ್‌ಪಿಜಿ ಎಂದು ಕರೆದು ಜಗಳದಿಂದಲೇ ತಪ್ಪಿಸಿಕೊಂಡಿದ್ದಾರೆ.

ಕನ್ನಡದಲ್ಲಿ ಗೊಂದಲ ಇನ್ನಷ್ಟು ಹೆಚ್ಚು. ಪತ್ರಿಕೆಗಳಲ್ಲಿ ಎರಡೂ ತಂತ್ರವೇ. ತಂತ್ರ, ರಣತಂತ್ರ, ಕಾರ್ಯತಂತ್ರ, ತಂತ್ರಗಾರಿಕೆ, ಯಾವುದಕ್ಕೆ ಯಾವುದು ಎಂದು ಬರೆಯುವವರಿಗೂ ಖಾತ್ರಿಯಿಲ್ಲ. ಜೊತೆಗೆ ಆ ಪದಕ್ಕೆ ಉಪಾಯ, ಕುತಂತ್ರ, ಒಳದಾರಿ ಎಂಬ ವಾಸನೆಯೂ ಅಂಟಿಕೊಂಡಿದೆ. ಅದಕ್ಕೇ ಇರಬೇಕು, ಟ್ಯಾಕ್ಟಿಕಲ್ ಎಂದೊಡನೆ ಹೊಸಬರು ಯಾವುದೋ ಗುಟ್ಟಿನ ಟ್ರಿಕ್ ಹುಡುಕಲು ಹೊರಡುತ್ತಾರೆ: ಯಾವ ಬಿಲ್ಡ್ ಬೆಸ್ಟ್, ಯಾವ ಆಯುಧ ಮುರಿಯುವುದಿಲ್ಲ, ಯಾವ ಕ್ಯಾರೆಕ್ಟರ್ ಓಪಿ (ಅತಿ ಬಲಶಾಲಿ). ಗ್ರೀಕ್ ಪದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ: ವ್ಯೂಹ. ಸಂಸ್ಕೃತದ ಮೂಲದಲ್ಲೂ ಅದು ಬಿಡಿಬಿಡಿಯಾಗಿ ಇಟ್ಟು ಹೊಂದಿಸುವುದೇ.

ವ್ಯೂಹ ಎಂದ ಕೂಡಲೇ ಅಭಿಮನ್ಯು ನೆನಪಾಗುತ್ತಾನೆ, ಅವನಿಗೆ ಹೊರಬರುವ ದಾರಿ ಗೊತ್ತಿರಲಿಲ್ಲ ಎಂಬ ಮಾತೂ ನೆನಪಾಗುತ್ತದೆ. ಆ ಕತೆಯಲ್ಲಿ ನಾವು ಸೈಂಧವನನ್ನು ಮರೆತುಬಿಡುತ್ತೇವೆ. ಯೋಜನೆಯ ಪ್ರಕಾರ ಅಭಿಮನ್ಯು ವ್ಯೂಹ ಒಡೆಯಬೇಕು, ಭೀಮಾದಿಗಳು ಅವನ ಬೆನ್ನಿಗೇ ನುಗ್ಗಬೇಕು. ಹಾಗಾಗಿದ್ದರೆ ಹೊರಬರುವ ವಿದ್ಯೆ ಬೇಕೇ ಇರಲಿಲ್ಲ. ಸೈಂಧವ ಬಾಯಿಗೆ ಅಡ್ಡ ನಿಂತ, ನಾಲ್ವರು ಪಾಂಡವರು ಹೊರಗೇ ಉಳಿದರು, ಒಬ್ಬ ಒಳಗೆ ಒಂಟಿಯಾದ. ಅಭಿಮನ್ಯುವಿನ ಲೆವೆಲ್‌ಗೆ ಏನು ಕಡಿಮೆಯಿತ್ತು? "ಒಬ್ಬನ್ನ ಚೆನ್ನಾಗಿ ಬೆಳೆಸು" ಎಂಬ ಸಲಹೆ ಕೇಳಿದಾಗೆಲ್ಲ ನನಗೆ ಹದಿಮೂರನೇ ದಿನದ ಯುದ್ಧವೇ ಕಣ್ಣಮುಂದೆ ಬರುತ್ತದೆ.

ಈಗ ಟರ್ನ್ ಬೇಸ್ಡ್ ವಿಚಾರ. ಡ್ರಾಗನ್ ಕ್ವೆಸ್ಟ್ ಟರ್ನ್ ಬೇಸ್ಡ್ ಹೌದು, ಪೋಕೆಮಾನ್ ಕೂಡ ಹೌದು. ಆದರೆ ಮಾಮೂಲಿ ಕಾಳಗದಲ್ಲಿ ಪಿಕಾಚುವನ್ನು ಎರಡು ಹೆಜ್ಜೆ ಎಡಕ್ಕೆ ಸರಿಸುವ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಯೋಚನೆ ಬೇಕು, ಲೆಕ್ಕ ಬೇಕು, ಎಲ್ಲವೂ ಸರಿ. ಜಾಗ ಮಾತ್ರ ಇಲ್ಲ. ಇನ್ನೊಂದು ತುದಿಯಲ್ಲಿ 1998ರ ಕಮಾಂಡೋಸ್ ಇದೆ. ಸರದಿಯೇ ಇಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ, ಆದರೂ ಅದು ಪಕ್ಕಾ ಟ್ಯಾಕ್ಟಿಕಲ್, ಏಕೆಂದರೆ ಕಾವಲುಗಾರನ ಕಣ್ಣಿನ ಕೋನದೊಳಗೆ ನಿಂತಿರಾ ಹೊರಗೆ ನಿಂತಿರಾ ಎಂಬುದೇ ಆಟ. ಚೌಕಗಳೂ ಕಡ್ಡಾಯವಲ್ಲ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಚೌಕವಿಲ್ಲ, ದೂರವನ್ನು ಮೀಟರಿನಲ್ಲಿ ಅಳೆಯುತ್ತದೆ. ಎತ್ತರದಲ್ಲಿ ನಿಂತು ಬಾಣ ಬಿಟ್ಟರೆ ಗುರಿ ತಾಗಿತೇ ಎಂದು ತೀರ್ಮಾನಿಸುವ ದಾಳಕ್ಕೆ 2 ಸೇರುತ್ತದೆ, ಬಂಡೆಯ ಅಂಚಿನಲ್ಲಿ ನಿಂತವನನ್ನು ಒಂದು ತಳ್ಳು ತಳ್ಳಿದರೆ ಕಾಳಗವೇ ಮುಗಿಯಬಹುದು.

ಹೊಸಬರಿಗೆ ಹೇಳಬೇಕಾದ ಬಹುಪಾಲು ಮಾತು ಇಲ್ಲಿಂದಲೇ ಹೊರಡುತ್ತದೆ. ಫೈರ್ ಎಂಬ್ಲೆಮ್‌ನಲ್ಲಿ ನಿಮ್ಮ ಕಡೆಯವರೆಲ್ಲ ಒಟ್ಟಿಗೆ ಆಡಿ ಮುಗಿಸಿದ ಮೇಲೆ ಶತ್ರುಗಳೆಲ್ಲ ಒಟ್ಟಿಗೆ ಆಡುತ್ತಾರೆ. ಯಾರನ್ನು ಹೊಡೆಯಲಿ ಎಂದು ನೋಡುವ ಮೊದಲು, ಹೊಡೆದ ಮೇಲೆ ನಾನು ನಿಂತಿರುವ ಮನೆಯನ್ನು ಎಷ್ಟು ಜನ ಮುಟ್ಟಬಹುದು ಎಂದು ನೋಡಿ. (ಚೌಕಾಬಾರ ಆಡಿದವರಿಗೆ ಚೌಕವನ್ನು ಮನೆ ಎಂದರೇ ಸಮಾಧಾನ.) ಶತ್ರುಗಳು ಮುಟ್ಟಬಲ್ಲ ಜಾಗವನ್ನೆಲ್ಲ ಕೆಂಪಾಗಿ ತೋರಿಸುವ ಬಟನ್ ಈಚಿನ ಆಟಗಳಲ್ಲಿದೆ, 2019ರ ತ್ರೀ ಹೌಸಸ್‌ನಲ್ಲಂತೂ ಯಾರು ಯಾರ ಮೇಲೆ ಬೀಳುತ್ತಾರೆ ಎಂದು ಗೆರೆ ಎಳೆದೇ ತೋರಿಸುತ್ತದೆ. ಅದನ್ನು ಒತ್ತದೆ ಆಡಿ, ಆಟ ಅನ್ಯಾಯ ಮಾಡಿತು ಎಂದು ದೂರುವವರೇ ಜಾಸ್ತಿ. ಎಷ್ಟೋ ಶತ್ರುಗಳು ನೀವು ಅವರ ಅಳತೆಯೊಳಗೆ ಕಾಲಿಡುವ ತನಕ ಅಲುಗಾಡುವುದಿಲ್ಲ. ಗಟ್ಟಿಮುಟ್ಟಾದ ಒಬ್ಬನನ್ನು ಒಬ್ಬನೇ ಶತ್ರುವಿಗೆ ಎಟಕುವ ಮನೆಯಲ್ಲಿ ನಿಲ್ಲಿಸಿ ಸರದಿ ಬಿಟ್ಟುಕೊಡಿ. ಬಂದವನನ್ನು ಉಳಿದವರೆಲ್ಲ ಸೇರಿ ಮುಗಿಸಿ.

ಮುಗಿಸಿ ಎಂದೆ, ಗಾಯ ಮಾಡಿ ಎನ್ನಲಿಲ್ಲ. ಈ ಬಗೆಯ ಹೆಚ್ಚಿನ ಆಟಗಳಲ್ಲಿ ಒಂದೇ ಒಂದು ಹಿಟ್ ಪಾಯಿಂಟ್ (ಜೀವದ ಅಂಕ) ಉಳಿದಿರುವ ಶತ್ರುವೂ ಪೂರ್ತಿ ಬಲದಿಂದಲೇ ಹೊಡೆಯುತ್ತಾನೆ. ಮೂವರಿಗೆ ಅರ್ಧರ್ಧ ಪೆಟ್ಟು ಕೊಟ್ಟರೆ ತಿರುಗಿ ಮೂರು ಪೆಟ್ಟು ಬೀಳುತ್ತದೆ. ಒಬ್ಬನನ್ನು ಪೂರ್ತಿ ಕೆಡವಿದರೆ ಎರಡೇ.

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ (1997) ಸರದಿಯ ಕೊನೆಯಲ್ಲಿ ಯಾವ ಕಡೆ ಮುಖ ಮಾಡಿ ನಿಲ್ಲುತ್ತೀರಿ ಎಂದು ಕೇಳುತ್ತದೆ. ಹೊಸಬರು ಅದೇನೋ ಅಲಂಕಾರ ಎಂದುಕೊಂಡು ಪಟಕ್ಕನೆ ಒತ್ತಿ ಮುಂದೆ ಹೋಗುತ್ತಾರೆ. ಬೆನ್ನ ಹಿಂದಿನಿಂದ ಪೆಟ್ಟು ಬಿದ್ದರೆ ಗುರಾಣಿ ಲೆಕ್ಕಕ್ಕೇ ಬರುವುದಿಲ್ಲ. 2012ರ ಎಕ್ಸ್‌ಕಾಮ್‌ನಲ್ಲೂ ಇದೇ ಕತೆ: ಅರ್ಧ ಮರೆಗೆ ರಕ್ಷಣೆ 20, ಪೂರ್ತಿ ಮರೆಗೆ 40, ಶತ್ರು ಪಕ್ಕದಿಂದ ಸುತ್ತಿ ಬಂದರೆ ಸೊನ್ನೆ. ಒಳ್ಳೆಯ ಬಂದೂಕು ಕೊಟ್ಟು ಬಯಲಿನಲ್ಲಿ ನಿಲ್ಲಿಸುವುದಕ್ಕಿಂತ ಹಳೇ ಬಂದೂಕು ಕೊಟ್ಟು ಎದುರಾಳಿಯ ಮಗ್ಗುಲಿಗೆ ಕಳಿಸುವುದು ಲೇಸು.

ಲೆವೆಲ್ ಏರಿಸುವ ಸಲಹೆ ಪೂರ್ತಿ ಸುಳ್ಳು ಎಂದಲ್ಲ. ಡಿಸ್ಗಾಯಾದಲ್ಲಿ ಲೆವೆಲ್ 9999ರ ತನಕ ಹೋಗುತ್ತದೆ, ಏರಿಸುವುದೇ ಅಲ್ಲಿನ ಮೋಜು. ಅದು ತಮಾಷೆಗೆಂದೇ ನಿಯಮವನ್ನು ಮುರಿದ ಆಟ, ಅದನ್ನು ತಂದು ಇಡೀ ಜಾತಿಗೆ ಅನ್ವಯಿಸಬೇಡಿ. ಫೈರ್ ಎಂಬ್ಲೆಮ್‌ನ ಹಲವು ಕಂತುಗಳಲ್ಲಿ ಕಾಳಗಗಳ ಸಂಖ್ಯೆಯೇ ನಿಗದಿ, ಅನುಭವ ಹಂಚಿಕೆಯೂ ಅಷ್ಟರಲ್ಲೇ. ಒಬ್ಬನಿಗೇ ಎಲ್ಲ ಬಡಿಸಿದರೆ ಉಳಿದವರು ಹಸಿದೇ ಇರುತ್ತಾರೆ. ಅದಕ್ಕೆ ಪ್ರತಿಯಾಗಿ ಹುಟ್ಟಿದ ಇನ್ನೊಂದು ಅತಿಯೂ ಇದೆ. 1990ರ ಮೊದಲ ಆಟದಲ್ಲಿ ಜೇಗನ್ ಎಂಬ ಹಿರಿಯ ಕುದುರೆ ಸವಾರ ಆರಂಭದಲ್ಲೇ ಬಲಶಾಲಿಯಾಗಿ ಬರುತ್ತಾನೆ, ಆಮೇಲೆ ಬೆಳೆಯುವುದಿಲ್ಲ. ಅಂಥವರನ್ನೆಲ್ಲ ಜೇಗನ್ ಎಂದೇ ಕರೆಯುವ ವಾಡಿಕೆ ಬಿದ್ದು, "ಜೇಗನ್‌ನನ್ನು ಮೂಲೆಗೆ ಕೂರಿಸು, ಅನುಭವ ಕದಿಯುತ್ತಾನೆ" ಎಂಬುದು ವೇದವಾಕ್ಯವಾಯಿತು. ಸೇಕ್ರೆಡ್ ಸ್ಟೋನ್ಸ್‌ನ (2004) ಸೇತ್ ಕೊನೆಯವರೆಗೂ ತಂಡದ ಅತ್ಯುತ್ತಮರಲ್ಲಿ ಒಬ್ಬ, ಅವನನ್ನೂ ಈ ಮಾತು ಕೇಳಿ ಮೂಲೆಗೆ ಕೂರಿಸುವವರಿದ್ದಾರೆ. ಹಿರಿಯನನ್ನು ಇಕ್ಕಟ್ಟಿನ ಬಾಯಿಯಲ್ಲಿ ತಡೆಗೋಡೆಯಾಗಿ ನಿಲ್ಲಿಸಿ, ಕೊನೆಯ ಪೆಟ್ಟನ್ನು ಎಳೆಯರಿಗೆ ಬಿಡಿ.

ಪೆಟ್ಟು ತಾಗುವ ಸಾಧ್ಯತೆ ಇಷ್ಟು ಎಂದು ಆಟ ತೋರಿಸುವ ಶೇಕಡಾವಾರಿನ ಗೋಳನ್ನೂ ಹೇಳಿಬಿಡುತ್ತೇನೆ. "90 ತೋರಿಸಿ ಮಿಸ್ ಆಯ್ತು, ಗೇಮ್ ಮೋಸ ಮಾಡುತ್ತೆ." ಮೋಸ ಇರುವುದು ನಿಜ, ಹೆಚ್ಚಾಗಿ ಅದು ನಿಮ್ಮ ಪರವಾಗಿಯೇ ಇರುತ್ತದೆ. 2002ರ ಬೈಂಡಿಂಗ್ ಬ್ಲೇಡ್‌ನಿಂದ ಶುರುವಾಗಿ ಹಲವು ವರ್ಷ ಫೈರ್ ಎಂಬ್ಲೆಮ್ ಪೆಟ್ಟು ತಾಗಿತೇ ಎಂದು ತೀರ್ಮಾನಿಸಲು ಚೀಟಿ ಎತ್ತಿದಂತೆ ಒಂದರ ಬದಲು ಎರಡು ಸಂಖ್ಯೆ ಎತ್ತಿ ಸರಾಸರಿ ಹಿಡಿಯುತ್ತಿತ್ತು. ಹಾಗಾಗಿ ಪರದೆಯ ಮೇಲಿನ 90 ನಿಜದಲ್ಲಿ 98.1, 75 ಅಂದರೆ ಸುಮಾರು 88. ಶತ್ರುವಿನ 30 ಅಂದರೆ 18ರ ಆಸುಪಾಸು. ಇದಕ್ಕೆ ಒಗ್ಗಿಕೊಂಡವರು ಎಕ್ಸ್‌ಕಾಮ್‌ಗೆ ಹೋಗಿ, ಅಲ್ಲಿನ ಕಠಿಣ ಹಂತಗಳ 90 ನಿಜವಾಗಿಯೂ 90 ಎಂದು ಕಂಡು ಬೆಚ್ಚುತ್ತಾರೆ. ಸುಲಭ ಹಂತಗಳಲ್ಲಿ ಅದೂ ಗುಟ್ಟಾಗಿ ಸಹಾಯ ಮಾಡುತ್ತದೆ. ಸೇವ್ ಮಾಡಿದ ಜಾಗಕ್ಕೆ ಮರಳಿ ಅದೇ ಗುಂಡನ್ನು ಅದೇ ಕ್ರಮದಲ್ಲಿ ಹೊಡೆದರೆ ಫಲವೂ ಅದೇ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಸಂಖ್ಯೆಗಳ ಸಾಲು ಸೇವ್‌ನೊಳಗೇ ಕೂತಿರುತ್ತದೆ. ರೀಲೋಡ್ ಮಾಡುತ್ತ ಕೂರುವ ಬದಲು ಮಿಸ್ ಆದರೂ ಬದುಕುಳಿಯುವ ಜಾಗದಿಂದ ಗುಂಡು ಹಾರಿಸಿ.

ಇನ್ನು ಸತ್ತವರು ಸತ್ತೇ ಹೋಗುವ ನಿಯಮ. ಫೈರ್ ಎಂಬ್ಲೆಮ್‌ನಲ್ಲಿ ಅದು 1990ರಿಂದ ಇದೆ, ಅದನ್ನು ಆರಿಸಿಡಬಹುದಾದ ಕ್ಯಾಶುಯಲ್ ಮೋಡ್ ಬಂದದ್ದು 2010ರಲ್ಲಿ. ಕ್ಯಾಶುಯಲ್ ಆಡುವವರನ್ನು ಕಂಡು ಮೂಗು ಮುರಿಯುವವರ ಜೊತೆ ನನಗೆ ಮಾತಿಲ್ಲ. ಆದರೂ ಮೊದಲ ಆಟಕ್ಕೆ ನನ್ನ ಆಯ್ಕೆ ಸತ್ತವರು ಮರಳದ ಕ್ಲಾಸಿಕ್ಕೇ, 2017ರ ಎಕೋಸ್‌ನಿಂದೀಚೆ ಸಿಗುವ ಹಿಂದೆ ತಿರುಗಿಸುವ ಸೌಲಭ್ಯದ ಜೊತೆಗೆ. ಯಾರೋ ಸತ್ತಾಗ ಒಂದೆರಡು ನಡೆ ಹಿಂದೆ ಹೋದರೆ ಅವನನ್ನು ಎಲ್ಲಿ ನಿಲ್ಲಿಸಿದ್ದೇ ಕೆಟ್ಟಿತು ಎಂದು ಕಣ್ಣಿಗೆ ಕಾಣುತ್ತದೆ. ಕ್ಯಾಶುಯಲ್‌ನಲ್ಲಿ ಸತ್ತವನು ಮುಂದಿನ ಅಧ್ಯಾಯಕ್ಕೆ ನಗುನಗುತ್ತ ಬಂದುಬಿಡುತ್ತಾನೆ, ಯೋಚಿಸುವ ಪ್ರಮೇಯವೇ ಬರುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದರೆ, ನಿಂಟೆಂಡೊದ ಆಟದ ಯಂತ್ರ ಸ್ವಿಚ್ ಇದ್ದರೆ ತ್ರೀ ಹೌಸಸ್. ಕಾಳಗಗಳ ನಡುವೆ ಅಲ್ಲಿನ ಮಠದಲ್ಲಿ ಚಹಾ ಕುಡಿಸುತ್ತ ಮೀನು ಹಿಡಿಯುತ್ತ ಗಂಟೆಗಟ್ಟಲೆ ಕಳೆಯುವುದು ಸ್ಟ್ರಾಟಜಿಯ ಪಾಲಿಗೆ ಸೇರಿದ್ದು, ಬೇಸರವಾದರೆ ಹಾರಿಸಿ. ಕಂಪ್ಯೂಟರ್ ಮಾತ್ರ ಇದ್ದರೆ 2018ರ ಇನ್‌ಟು ದ ಬ್ರೀಚ್. ಅದನ್ನು ಆರ್‌ಪಿಜಿ ಎನ್ನಲು ಬರುವುದಿಲ್ಲ, ಟ್ಯಾಕ್ಟಿಕಲ್ ಎಂಬ ಅರ್ಧವನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ಎಂಟು ಮನೆಗೆ ಎಂಟು ಮನೆಯ ಹಾಸು, ನಿಮ್ಮವು ಮೂರು ಯಂತ್ರ. ಶತ್ರು ಯಾವ ಮನೆಗೆ ಹೊಡೆಯುತ್ತಾನೆ ಎಂದು ಮೊದಲೇ ತೋರಿಸುತ್ತಾನೆ, ನಿಮ್ಮ ಪೆಟ್ಟು ಗುರಿ ತಪ್ಪುವುದಿಲ್ಲ. ಬಹಳ ಸಲ ಕೊಲ್ಲುವ ಅಗತ್ಯವೂ ಇಲ್ಲ, ಒಂದು ಮನೆ ಆಚೆ ನೂಕಿದರೆ ಅವನ ಹೊಡೆತ ಅವನ ಜೊತೆಗಾರನಿಗೇ ಬೀಳುತ್ತದೆ. ಸೋತರೆ ಒಬ್ಬ ಪೈಲಟ್‌ನನ್ನು ಉಳಿಸಿಕೊಂಡು ಮತ್ತೆ ಮೊದಲಿನಿಂದ ಆಡಬಹುದು.