ಕಸ (ಮಾಸು) ಬೀಳೋವರೆಗೂ ಕರು ಹಾಲಿಗೆ ಕಾಯಬೇಕಾ?

ಹಸು ಈದ ಮೊದಲ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು ತಾನಾಗಿಯೇ ಗಟ್ಟಿಯಾಗುತ್ತದೆ. ಹೆಪ್ಪು ಹಾಕಿರುವುದಿಲ್ಲ, ನಿಂಬೆಹುಳಿ ಹಿಂಡಿರುವುದಿಲ್ಲ, ಆದರೂ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಮೊದಲ ಸಲ ಕರೆದ ಹಾಲನ್ನೇ ಬೇಯಿಸಿದರೆ ತೀರಾ ಬಿರುಸಾಗುತ್ತದೆ ಅಂತ ಅದಕ್ಕೆ ಮಾಮೂಲಿ ಹಾಲು ಬೆರೆಸುತ್ತಾರೆ. ಮರುದಿನದ ಹಾಲಿಗೆ ಬೆರೆಸುವುದು ಕಮ್ಮಿ. ನಾಲ್ಕೈದು ದಿನ ಕಳೆದ ಮೇಲೆ ಎಷ್ಟು ಬೇಯಿಸಿದರೂ ಅದು ಬರೀ ಹಾಲೇ.

ಇದಕ್ಕೆ ಕಾರಣ ಹಾಲಿನೊಳಗಿನ ಪ್ರೋಟೀನ್. ಮಾಮೂಲಿ ಹಾಲಿನಲ್ಲಿ ಪ್ರೋಟೀನ್ ಶೇಕಡಾ 3ರ ಆಸುಪಾಸು ಇರುತ್ತದೆ. ಅದರಲ್ಲಿ ಹೆಚ್ಚಿನದು ಕೇಸಿನ್. ಕೇಸಿನ್ ಕುದಿಸಿದರೂ ಜಗ್ಗುವುದಿಲ್ಲ. ಮೊದಲ ಸಲ ಕರೆದ ಗಿಣ್ಣು ಹಾಲಿನಲ್ಲಿ ಪ್ರೋಟೀನ್ ಶೇಕಡಾ 14ರವರೆಗೂ ಇರುತ್ತದೆ. ಹಾಗೆ ಏರಿದ್ದರಲ್ಲಿ ದೊಡ್ಡ ಪಾಲು ಇಮ್ಯುನೋಗ್ಲಾಬ್ಯುಲಿನ್, ಅಂದರೆ ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳು. ಇವು 70 ಡಿಗ್ರಿ ದಾಟಿದರೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬೆಂದ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ. ನಾವು ತಟ್ಟೆಯಲ್ಲಿಟ್ಟು ತಿನ್ನುವ ಗಿಣ್ಣಿನಲ್ಲಿ ಹಸು ತನ್ನ ಜೀವಮಾನದಲ್ಲಿ ಎದುರಿಸಿದ ರೋಗಗಳ ನೆನಪೆಲ್ಲ ಇದೆ. ನಮಗೆ ಅದರಿಂದ ರುಚಿ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಕರುವಿಗೆ ಮಾತ್ರ ಅದು ಜೀವದ ಪ್ರಶ್ನೆ.

ಯಾಕೆ ಅಂದರೆ, ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಹೆಚ್ಚುಕಮ್ಮಿ ಇರುವುದೇ ಇಲ್ಲ. ಮನುಷ್ಯರ ಮಗು ಹಾಗಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ (ಹೊಟ್ಟೆಯೊಳಗೆ ಮಗುವನ್ನು ತಾಯಿಗೆ ಜೋಡಿಸುವ ಪ್ಲಾಸೆಂಟಾ) ಮೂಲಕವೇ ಮಗುವಿನ ರಕ್ತ ಸೇರುತ್ತವೆ. ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ ಇವುಗಳಲ್ಲಿ ಆ ದಾರಿ ಬಂದ್. ಹಸುವಿನ ಕಸ ಬಿದ್ದಾಗ ಒಮ್ಮೆ ಗಮನಿಸಿ. (ನಮ್ಮ ಕಡೆ ಕಸ ಅಂತೀವಿ, ಇನ್ನೊಂದು ಕಡೆ ಸತ್ತೆ, ಮಾಸು ಅಂತಾರೆ.) ತೆಳ್ಳನೆಯ ಪೊರೆಯ ಮೇಲೆ ಅಲ್ಲಲ್ಲಿ ಕಡುಗೆಂಪು ಗಂಟುಗಳು ಕಾಣುತ್ತವೆ. ಅಂಥವು 75ರಿಂದ 120ರವರೆಗೂ ಇರುತ್ತವೆ. ತಾಯಿ ಮತ್ತು ಕರುವಿನ ನಡುವೆ ಕೊಡುಕೊಳ್ಳುವಿಕೆ ನಡೆಯುವುದು ಈ ಗಂಟುಗಳಲ್ಲೇ. ಆದರೆ ಎರಡು ರಕ್ತಗಳ ನಡುವೆ ಇಲ್ಲಿ ಹಲವು ಪದರಗಳಿವೆ. ಆಮ್ಲಜನಕ, ಸಕ್ಕರೆ ಎಲ್ಲ ದಾಟುತ್ತವೆ. ಪ್ರತಿಕಾಯದಂಥ ದೊಡ್ಡ ಕಣ ದಾಟುವುದಿಲ್ಲ.

ಹಾಗಾಗಿ ಹಸು ಬೇರೆ ದಾರಿ ಹಿಡಿಯುತ್ತದೆ. ಈಯಲು ಕೆಲವು ವಾರ ಇರುವಾಗಲೇ ತನ್ನ ರಕ್ತದ ಪ್ರತಿಕಾಯಗಳನ್ನು ಕೆಚ್ಚಲಿಗೆ ಸಾಗಿಸಲು ಶುರು ಮಾಡುತ್ತದೆ. ಎಷ್ಟರಮಟ್ಟಿಗೆ ಅಂದರೆ, ಆ ಹೊತ್ತಿಗೆ ಹಸುವಿನ ರಕ್ತದಲ್ಲೇ ಅವುಗಳ ಪ್ರಮಾಣ ಇಳಿಯುತ್ತದೆ. ಒಳ್ಳೆಯ ಗಿಣ್ಣು ಹಾಲಿನ ಲೀಟರಿಗೆ 50 ಗ್ರಾಂಗೂ ಮೇಲೆ ಪ್ರತಿಕಾಯ ಇರುತ್ತದೆ. ಮಾಮೂಲಿ ಹಾಲಿನಲ್ಲಿ ಒಂದು ಗ್ರಾಂ ಇದ್ದರೆ ಹೆಚ್ಚು.

ತಾಯಿಯ ರಕ್ಷಣೆ ಹಾಲಿನಿಂದ ಮರಿಗೆ ಹೋಗುತ್ತದೆ ಅಂತ 1892ರಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಇಲಿಗಳಲ್ಲಿ ತೋರಿಸಿದ್ದರು. ಅವರು ಮಾಡಿದ್ದು ಸರಳ ಉಪಾಯ. ವಿಷ ತಡೆಯುವ ಶಕ್ತಿಯಿದ್ದ ತಾಯಿಯ ಮರಿಗಳನ್ನೂ ಅದಿಲ್ಲದ ತಾಯಿಯ ಮರಿಗಳನ್ನೂ ಅದಲುಬದಲು ಮಾಡಿ ಹಾಲು ಕುಡಿಸಿದರು. ಹೆತ್ತವಳು ಯಾರೇ ಆಗಲಿ, ರಕ್ಷಣೆ ಹಾಲೂಡಿದವಳಿಂದ ಬಂತು. ಕರುಗಳ ವಿಷಯದಲ್ಲಿ ಅನುಮಾನ ಉಳಿಯದಂತೆ ಮಾಡಿದ್ದು 1922ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್. ಗಿಣ್ಣು ಹಾಲು ಕುಡಿದ 10 ಕರುಗಳೂ ಬದುಕಿದವು. ಕುಡಿಯದ 12 ಕರುಗಳಲ್ಲಿ 9 ಸತ್ತವು. ಸತ್ತವುಗಳ ದೇಹದೊಳಗೆ ಕಂಡದ್ದು ಯಾವುದೋ ಭಯಂಕರ ಹೊಸ ರೋಗಾಣು ಅಲ್ಲ, ಎಲ್ಲ ಕೊಟ್ಟಿಗೆಯ ಸಗಣಿಯಲ್ಲೂ ಇರುವ ಇ. ಕೋಲಿ. ಈ ಸ್ಮಿತ್ ಸಾಮಾನ್ಯರಲ್ಲ. ದನಗಳ ಜ್ವರವೊಂದನ್ನು ರಕ್ತ ಹೀರುವ ಉಣ್ಣೆಹುಳ ಹರಡುತ್ತದೆ ಅಂತ ಅದಕ್ಕೂ ಎಷ್ಟೋ ವರ್ಷ ಮೊದಲು ತೋರಿಸಿಕೊಟ್ಟವರ ಪೈಕಿ ಇವರೂ ಒಬ್ಬರು.

ಸರಿ, ಗಿಣ್ಣು ಬೇಕು ಅನ್ನುವುದು ನಮ್ಮ ರೈತರಿಗೆ ಗೊತ್ತಿಲ್ಲದ್ದೇನಲ್ಲ. ಎಡವಟ್ಟಾಗುವುದು ಹೊತ್ತಿನ ವಿಷಯದಲ್ಲಿ.

ನಾವು ತಿಂದ ಪ್ರೋಟೀನನ್ನು ಹೊಟ್ಟೆ ಚೂರು ಚೂರು ಮಾಡಿಯೇ ಒಳಗೆ ಬಿಡುತ್ತದೆ. ಆಗತಾನೇ ಹುಟ್ಟಿದ ಕರುವಿನ ಕರುಳು ಹಾಗೆ ಮಾಡುವುದಿಲ್ಲ. ಅದರ ಗೋಡೆಯ ಕೋಶಗಳು ಸಿಕ್ಕಿದ್ದನ್ನು ಇಡಿಯಾಗಿ ನುಂಗಿ ರಕ್ತಕ್ಕೆ ದಾಟಿಸುತ್ತವೆ. ಜೊತೆಗೆ ಪ್ರತಿಕಾಯಗಳು ದಾರಿಯಲ್ಲಿ ಜೀರ್ಣವಾಗಿ ಹೋಗದಿರಲಿ ಅಂತ ಅದನ್ನು ತಡೆಯುವ ಅಂಶವೂ ಗಿಣ್ಣು ಹಾಲಿನಲ್ಲೇ ಇದೆ. ಆದರೆ ಈ ಸೌಲಭ್ಯ ಹುಟ್ಟಿದ ಗಳಿಗೆಯಿಂದಲೇ ಇಳಿಯತೊಡಗುತ್ತದೆ. ಮೊದಲ ನಾಲ್ಕರಿಂದ ಆರು ಗಂಟೆ ಚೆನ್ನಾಗಿ ನಡೆಯುತ್ತದೆ. ಹನ್ನೆರಡು ಗಂಟೆಯ ಹೊತ್ತಿಗೆ ತುಂಬಾ ಕುಗ್ಗಿರುತ್ತದೆ. 24 ಗಂಟೆಗೆ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತದೆ. ಆಮೇಲೆ ಕುಡಿಸಿದ ಗಿಣ್ಣು ಕರುಳಿನೊಳಗೆ ಒಂದಿಷ್ಟು ಕಾವಲು ಕಾಯಬಹುದು, ಹೊಟ್ಟೆಯನ್ನೂ ತುಂಬಬಹುದು. ರಕ್ತಕ್ಕೆ ಮಾತ್ರ ಸೇರುವುದಿಲ್ಲ.

ಇನ್ನೊಂದು ಮಾತೂ ಇದೆ. ಸಿಕ್ಕಿದ್ದನ್ನೆಲ್ಲ ನುಂಗುವ ಕರುಳು ಒಳ್ಳೆಯದು ಕೆಟ್ಟದ್ದು ಅಂತ ಆರಿಸುವುದಿಲ್ಲ. ಕೊಟ್ಟಿಗೆಯ ರೋಗಾಣುವೂ ಅದೇ ದಾರಿಯಲ್ಲಿ ಒಳಗೆ ಹೋಗಬಹುದು. ಹಸಿದ ಕರು ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ನಡುಗುವ ಕಾಲಲ್ಲಿ ಎದ್ದು ಗೋಡೆ ನೆಕ್ಕುತ್ತದೆ, ಕಂಬ ಚೀಪುತ್ತದೆ, ತಾಯಿಯ ಸಗಣಿ ಮೆತ್ತಿದ ತೊಡೆಗೆ ಬಾಯಿ ಹಾಕುತ್ತದೆ. ಮೊದಲು ಒಳಗೆ ಹೋಗುವುದು ಹಾಲೋ ಹೊಲಸೋ ಅನ್ನುವುದರ ಮೇಲೆ ಅದರ ಹಣೆಬರಹ ನಿಂತಿರುತ್ತದೆ. ಕೆಚ್ಚಲು, ಕೈ, ಪಾತ್ರೆ ತೊಳೆಯಬೇಕು ಅನ್ನುವುದು ಇದಕ್ಕೇ.

ಈಗ ಕಸದ ಮಾತಿಗೆ ಬರೋಣ. ಕಸ ಬೀಳುವವರೆಗೂ ಕರುವಿಗೆ ಹಾಲು ಬಿಡಬಾರದು ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಊರುಗಳಲ್ಲಿದೆ. ಹಿರಿಯರು ಹೇಳಿದ್ದನ್ನೆಲ್ಲ ತಳ್ಳಿಹಾಕುವ ಜಾಯಮಾನ ನನ್ನದಲ್ಲ, ಆದರೆ ಇದನ್ನು ಮಾತ್ರ ಬಿಡಲೇಬೇಕು. ಎಲ್ಲ ಸರಿಯಿದ್ದರೂ ಕಸ ಬೀಳಲು ಹಲವು ಗಂಟೆ ಹಿಡಿಯುತ್ತದೆ. ಹನ್ನೆರಡು ಗಂಟೆ ಆದರೂ ಆಗಬಹುದು. ಸಿಕ್ಕಿಕೊಂಡರೆ ಕೇಳುವುದೇ ಬೇಡ. ಕರುವಿನ ಕರುಳು ತೆರೆದಿರುವ ಹೊತ್ತೂ ಅಷ್ಟೇ. ಪ್ರತಿಕಾಯ ದಾಟದಂತೆ ಒಂಬತ್ತು ತಿಂಗಳು ತಡೆದದ್ದೇ ಈ ಕಸ, ಈಗ ಅದು ಬೀಳಲಿ ಅಂತ ಹಾಲನ್ನೂ ತಡೆಯುವುದು ಎಂಥ ವಿಪರ್ಯಾಸ ನೋಡಿ. ನಿಜ ಹೇಳಬೇಕೆಂದರೆ ಕರು ಕುಡಿಯುವುದರಿಂದ ಹಸುವಿಗೂ ಒಳ್ಳೆಯದೇ. ಕರು ಕೆಚ್ಚಲಿಗೆ ಗುದ್ದಿ ಚೀಪುವಾಗ ಹಸುವಿನಲ್ಲಿ ಆಕ್ಸಿಟೋಸಿನ್ ಹೊರಡುತ್ತದೆ. ಹಾಲು ಇಳಿಸುವ ಆ ಹಾರ್ಮೋನೇ ಗರ್ಭಕೋಶವನ್ನೂ ಹಿಂಡುತ್ತದೆ.

ಜಾಸ್ತಿ ಗಿಣ್ಣು ಕುಡಿದರೆ ಕರುವಿಗೆ ಭೇದಿ ಅನ್ನುವುದು ಇನ್ನೊಂದು ಹೆದರಿಕೆ. ಗಿಣ್ಣು ಸ್ವಲ್ಪ ಹೊಟ್ಟೆ ಸಡಿಲ ಮಾಡುವುದು ನಿಜ. ಅದರಿಂದ ಹುಟ್ಟಿನಿಂದ ಕರುಳಲ್ಲಿ ಕೂತ ಅಂಟು ಅಂಟಾದ ಮೊದಲ ಸಗಣಿ ಹೊರಗೆ ಬರುತ್ತದೆ. ಆದರೆ ಕರುವನ್ನು ಕೊಲ್ಲುವ ಬಿಳಿ ಭೇದಿ ಬರುವುದು ಗಿಣ್ಣು ಸಾಲದೆ ಹೋದಾಗ.

ಎಷ್ಟು ಕುಡಿಸಬೇಕು? ಕರುವಿನ ತೂಕದ ಹತ್ತನೇ ಒಂದು ಪಾಲು ಅಂತ ಲೆಕ್ಕ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಕರು 30 ಕಿಲೋ ಇದ್ದರೆ 3 ಲೀಟರ್. ಮಲೆನಾಡು ಗಿಡ್ಡದ ಕರು ಹತ್ತು ಕಿಲೋ ಆಸುಪಾಸು ಇರುತ್ತದೆ, ಅದಕ್ಕೆ ಒಂದು ಲೀಟರ್ ಸಾಕು. ಇಷ್ಟರಲ್ಲಿ ಸಾಧ್ಯವಾದಷ್ಟನ್ನು ಮೊದಲ ಒಂದೆರಡು ಗಂಟೆಯಲ್ಲೇ ಕುಡಿಸಿ, ಉಳಿದದ್ದನ್ನು ಆರು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಮನೆಯವರ ಗಿಣ್ಣು, ಅಕ್ಕಪಕ್ಕದವರಿಗೆ ಹಂಚುವ ಗಿಣ್ಣು ಎಲ್ಲ ಆಮೇಲೆ. ಮಿಶ್ರತಳಿ ಹಸುಗಳಲ್ಲಿ ಕರು ಕುಡಿದು ಮಿಗುವಷ್ಟು ಬರುತ್ತದೆ, ಹಾಗಾಗಿ ಜಗಳವೇನೂ ಇಲ್ಲ. ಆದರೆ ತುಂಬಾ ಹಾಲು ಕೊಡುವ ಹಸುವಿನ ಕೆಚ್ಚಲನ್ನು ಮೊದಲ ದಿನವೇ ಪೂರ್ತಿ ಬರಿದು ಮಾಡಲು ಹೋಗಬೇಡಿ. ಸುಣ್ಣದ ಅಂಶ ದಿಢೀರನೆ ಇಳಿದು ಹಾಲು ಜ್ವರ ಬಂದೀತು. ಹೆಸರಿಗೆ ಜ್ವರ ಅಷ್ಟೇ, ಮೈ ತಣ್ಣಗಾಗಿ ಹಸು ಮಲಗಿಬಿಡುತ್ತದೆ.

ತಾನಾಗಿ ಎದ್ದು ಕುಡಿಯುವ ಕರುವಿಗೆ ನಾವು ಮಾಡಬೇಕಾದದ್ದು ಕಮ್ಮಿ. ಬಾಲ ಅಲ್ಲಾಡಿಸುತ್ತಾ ಗುದ್ದಿ ಗುದ್ದಿ ಕುಡಿಯುತ್ತಿದ್ದರೆ ಹಾಲು ಇಳಿಯುತ್ತಿದೆ ಅಂತ ಅರ್ಥ. ಏಳಲಾರದ ಕರುವಿಗೆ ಮೊಲೆತೊಟ್ಟಿರುವ ಬಾಟಲಿ ಒಳ್ಳೆಯದು. ಚೀಪಿದಾಗ ಗಂಟಲ ಕೆಳಗಿನ ಒಂದು ಮಡಿಕೆ ಕೊಳವೆಯ ಹಾಗೆ ಸುತ್ತಿಕೊಂಡು ಹಾಲನ್ನು ನೇರ ನಾಲ್ಕನೇ ಹೊಟ್ಟೆಗೆ ಇಳಿಸುತ್ತದೆ. ಬಾಟಲಿ ಇಲ್ಲದಿದ್ದರೆ ಬೆರಳು ಚೀಪಿಸುತ್ತಾ ಬಕೆಟ್ಟಿನಲ್ಲಿ ಕುಡಿಸಬಹುದು. ಗೊಟ್ಟ (ಬಾಯಿಗೆ ಸುರಿಯುವ ಬಿದಿರಿನ ಕೊಳವೆ) ಮಾತ್ರ ಬೇಡ. ತಲೆ ಮೇಲೆತ್ತಿ ಸುರಿದ ಹಾಲು ಶ್ವಾಸಕೋಶಕ್ಕೆ ನುಗ್ಗಿದರೆ ನ್ಯುಮೋನಿಯಾ ಗ್ಯಾರಂಟಿ.

ಎಲ್ಲ ಗಿಣ್ಣೂ ಒಂದೇ ಅಲ್ಲ. ಮೊದಲ ಸೂಲಿನ ಹಸುವಿನದು ಸಾಮಾನ್ಯವಾಗಿ ಸ್ವಲ್ಪ ತೆಳು. ಈಯುವ ಮೊದಲೇ ಹಾಲು ಸೋರಿದ್ದರೆ ಸತ್ವ ಹೋಗಿರುತ್ತದೆ. ಗಬ್ಬದ ಕೊನೆಯವರೆಗೂ ಹಾಲು ಕರೆದಿದ್ದರೂ ಅಷ್ಟೇ. ಹಳದಿ ಬಣ್ಣ, ಮಂದ ಎರಡನ್ನೂ ಪೂರ್ತಿ ನಂಬುವಂತಿಲ್ಲ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ ಸಿಹಿ ಅಳೆಯಲು ಇಟ್ಟುಕೊಳ್ಳುವ ಬ್ರಿಕ್ಸ್ ಮೀಟರ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಒಂದು ತೊಟ್ಟು ಗಿಣ್ಣು ಹಾಲು ಹಾಕಿ ನೋಡಿ. 22 ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ಚಿಂತೆಯಿಲ್ಲ. ಅಂಥ ಹಾಲು ಮಿಕ್ಕಿದರೆ ಒಂದೊಂದು ಲೀಟರಿನ ಬಾಟಲಿಗಳಲ್ಲಿ ಫ್ರೀಜರಿಗೆ ಹಾಕಿ. ಒಂದು ವರ್ಷದವರೆಗೂ ಇರುತ್ತದೆ, ತಾಯಿ ಸತ್ತ ಕರುವಿಗೆ ಆದೀತು. ಕರಗಿಸುವಾಗ ಕೈಗೆ ತಡೆಯುವಷ್ಟೇ ಬಿಸಿಯ ನೀರು ಸಾಕು. ಒಲೆಯ ಮೇಲಿಟ್ಟರೆ ಪ್ರತಿಕಾಯ ಕೆಡುತ್ತದೆ.

ಸಂತೆಯಿಂದ ತುಂಬು ಗಬ್ಬದ ಹಸು ತರುವವರು ಮರೆಯುವ ಸಂಗತಿ ಒಂದಿದೆ. ಅದರ ಗಿಣ್ಣಿನಲ್ಲಿರುವುದು ಹಳೆಯ ಕೊಟ್ಟಿಗೆಯ ರೋಗಾಣುಗಳ ವಿರುದ್ಧದ ಪ್ರತಿಕಾಯ. ನಿಮ್ಮ ಕೊಟ್ಟಿಗೆಯಲ್ಲಿ ಬೇರೆಯೇ ರೋಗಾಣುಗಳಿರಬಹುದು. ಈಯಲು ಎರಡು ದಿನ ಇರುವಾಗ ತಂದರೆ ಹಸುವಿಗೆ ಅವುಗಳ ಪರಿಚಯವಾಗಲು ಸಮಯ ಸಿಗುವುದಿಲ್ಲ. ತಿಂಗಳು ಒಂದೂವರೆ ತಿಂಗಳು ಮೊದಲೇ ತರುವುದು ಜಾಣತನ.

ಕುರಿ ಮೇಕೆಗಳಲ್ಲಿ ಕಷ್ಟ ಅವಳಿ ಮರಿಗಳದ್ದು. ಗಟ್ಟಿ ಮರಿ ಕುಡಿದು ಮುಗಿಸುವ ಹೊತ್ತಿಗೆ ಬಡಕಲು ಮರಿಗೆ ಉಳಿಯುವುದು ಕಮ್ಮಿ. ಮರಿಯ ಮೈಯಲ್ಲಿ ಕೊಬ್ಬಿನ ದಾಸ್ತಾನೂ ಕಮ್ಮಿ, ಹಾಗಾಗಿ ರೋಗಕ್ಕಿಂತ ಮೊದಲು ಚಳಿಯೇ ಅದನ್ನು ಮುಗಿಸುತ್ತದೆ. ಗಿಣ್ಣಿನ ಕೊಬ್ಬು ಅಲ್ಲಿ ಒಲೆಗೆ ಸೌದೆ ಇದ್ದ ಹಾಗೆ. ಎಮ್ಮೆಯ ಗಂಡು ಕರುವಿನ ಪಾಡು ಬೇರೆ. ಅದಕ್ಕೆ ಹಾಲು ಸಿಗದಿರುವುದಕ್ಕೆ ಅಜ್ಞಾನ ಕಾರಣವಲ್ಲ, ಸಾಕಿದರೆ ಲಾಭವಿಲ್ಲ ಅನ್ನುವ ಲೆಕ್ಕಾಚಾರ ಕಾರಣ. ಆ ಬಗ್ಗೆ ವಿಜ್ಞಾನ ಹೇಳುವಂಥದ್ದೇನೂ ಇಲ್ಲ.

ಗಿಣ್ಣೇ ವಿಷವಾಗುವ ಅಪರೂಪದ ಸಂದರ್ಭವೂ ಇದೆ. ಕೆಲವು ಕುದುರೆಗಳಲ್ಲಿ ಮರಿಯ ರಕ್ತದ ಗುಂಪು ತಾಯಿಗೆ ಹೊಂದದೆ, ತಾಯಿಯ ಮೈ ಅದರ ವಿರುದ್ಧವೇ ಪ್ರತಿಕಾಯ ಮಾಡಿಟ್ಟಿರುತ್ತದೆ. ಗಿಣ್ಣು ಕುಡಿದ ಮರಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ತಂದೆ ಕತ್ತೆಯಾದ ಹೇಸರಗತ್ತೆ ಮರಿಗಳಲ್ಲಿ ಇದು ಇನ್ನೂ ಹೆಚ್ಚು. ಅಂಥ ಮರಿಯನ್ನು ಒಂದೆರಡು ದಿನ ತಾಯಿಯಿಂದ ದೂರವಿಟ್ಟು ಬೇರೆ ಕುದುರೆಯ ಗಿಣ್ಣು ಕುಡಿಸುತ್ತಾರೆ. ಕರುಳು ಮುಚ್ಚಿದ ಮೇಲೆ ಅದೇ ತಾಯಿಯ ಹಾಲು ಏನೂ ಮಾಡುವುದಿಲ್ಲ.

ತಾಯಿಯಿಂದ ಬಂದ ಪ್ರತಿಕಾಯ ಕಾಯಂ ಅಲ್ಲ. ಮೂರು ವಾರಕ್ಕೊಮ್ಮೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಕರುವಿನ ಸ್ವಂತ ಪ್ರತಿಕಾಯ ನಿಧಾನವಾಗಿ ಏರುತ್ತದೆ. ಅದು ಇಳಿದು ಇದು ಇನ್ನೂ ಏರದ ವಾರಗಳಲ್ಲಿ ಕರುವಿನ ಮೇಲೆ ಒಂದು ಕಣ್ಣಿಡಬೇಕು. ಹಾಗಂತ ಲಸಿಕೆಯನ್ನು ಬೇಗ ಹಾಕಿಸಿಬಿಡೋಣ ಅಂದರೆ ಅದೂ ಆಗುವುದಿಲ್ಲ. ತಾಯಿಯ ಪ್ರತಿಕಾಯಗಳು ಇನ್ನೂ ಓಡಾಡುತ್ತಿದ್ದರೆ ಲಸಿಕೆಯನ್ನೂ ಹಿಡಿದು ಹಾಕುತ್ತವೆ, ಕರುವಿನ ಮೈ ಏನನ್ನೂ ಕಲಿಯುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆಗೆ ಕರುವಿಗೆ ನಾಲ್ಕು ತಿಂಗಳು ತುಂಬಲಿ ಅನ್ನುವುದು ಇದಕ್ಕೇ. ನಾಯಿಮರಿಗೆ ಪಾರ್ವೋ ವೈರಸ್ಸಿನ ಲಸಿಕೆಯನ್ನು ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಹಾಕುವುದಕ್ಕೂ ಕಾರಣ ಇದೇ. ಯಾವ ಮರಿಯಲ್ಲಿ ತಾಯಿಯ ಪಾಲು ಯಾವ ವಾರ ಮುಗಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.