ಎರಡು ದಿನ ಕಚೇರಿ, ಮೂರು ದಿನ ಮನೆ: ದೊಡ್ಡ ವಿಶ್ವವಿದ್ಯಾಲಯದ ಕೆಲಸಕ್ಕೆ ಒಗ್ಗಿಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲವು ವರ್ಷ ದುಡಿದು, ಈಗ ಅಮೆರಿಕದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರ ಆಡಳಿತ ವಿಭಾಗಕ್ಕೆ ಸೇರಿದ್ದೇನೆ. ವಾರಕ್ಕೆ ಎರಡು ದಿನ ಕಚೇರಿ, ಉಳಿದ ಮೂರು ದಿನ ಮನೆಯಿಂದ ಕೆಲಸ. ಕಚೇರಿಗೆ ಹೋದ ದಿನವೂ ಅರ್ಧ ಮೇಜುಗಳು ಖಾಲಿ ಇರುತ್ತವೆ. ಎಲ್ಲರೂ ಸೌಜನ್ಯದಿಂದಲೇ ಮಾತನಾಡಿಸುತ್ತಾರೆ; ಆದರೆ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು, ಎಷ್ಟು ಕೇಳಬಹುದು ಎಂಬುದು ತಿಳಿಯುತ್ತಿಲ್ಲ. ಇಲ್ಲಿಗೆ ಒಗ್ಗಿಕೊಳ್ಳುವುದು ಹೇಗೆ?

ಉತ್ತರ: ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಬೋಧಕೇತರ ಹುದ್ದೆಗೆ ಸೇರಿದ ಕನ್ನಡಿಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ತೊಡಕಿರುವುದು ಕಚೇರಿ ದಿನಗಳ ಸಂಖ್ಯೆಯಲ್ಲಿ ಅಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ನಿಯಮಗಳು ಬರಹದಲ್ಲಿರುತ್ತವೆ, ಆದರೆ ಕೆಲಸ ನಿಜವಾಗಿ ಸಾಗುವ ದಾರಿ ಹಲವು ಕಚೇರಿಗಳಲ್ಲಿ ಹಂಚಿಹೋಗಿರುವ ಅನುಭವಸ್ಥರಿಗೆ ಮಾತ್ರ ಗೊತ್ತಿರುತ್ತದೆ. ಹಿಂದೆ ಆ ಜನ ಕಾರಿಡಾರಿನಲ್ಲಿ ತಾವಾಗಿ ಎದುರಾಗುತ್ತಿದ್ದರು. ಹೈಬ್ರಿಡ್ ವ್ಯವಸ್ಥೆಯಲ್ಲಿ ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು. ಒಗ್ಗಿಕೊಳ್ಳುವ ಕೆಲಸದ ಬಹುಪಾಲು ಈ ಹುಡುಕಾಟವೇ.

ಉದಾಹರಣೆಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ತೆಗೆದುಕೊಳ್ಳೋಣ. ಸುತ್ತಲಿನ ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್ ಊರುಗಳಲ್ಲಿ ಅನೇಕ ಕನ್ನಡ ಕುಟುಂಬಗಳಿವೆ. 1861ರಲ್ಲಿ ಆರಂಭವಾದ ಈ ಸಂಸ್ಥೆಗೆ ಸಿಯಾಟಲ್ ಅಲ್ಲದೆ ಬಾಥೆಲ್ ಮತ್ತು ಟಕೋಮಾದಲ್ಲಿಯೂ ಕ್ಯಾಂಪಸ್‌ಗಳಿವೆ. ಆಸ್ಪತ್ರೆಗಳೂ ಪ್ರಯೋಗಾಲಯಗಳೂ ಇವೆ. ಹೊರಗಿನಿಂದ ಒಂದೇ ಸಂಸ್ಥೆಯಾಗಿ ಕಂಡರೂ ಒಳಗೆ ಇದು ತಮ್ಮ ಬಜೆಟ್, ತಮ್ಮ ಪದ್ಧತಿಗಳನ್ನು ತಾವೇ ಕಾಯ್ದುಕೊಳ್ಳುವ ಅನೇಕ ವಿಭಾಗಗಳ ಒಕ್ಕೂಟ. ಆದ್ದರಿಂದಲೇ ಮನೆಯಿಂದ ಕೆಲಸ ಮಾಡುವ ದಿನಗಳೂ ವಿಭಾಗದಿಂದ ವಿಭಾಗಕ್ಕೆ, ಹುದ್ದೆಯಿಂದ ಹುದ್ದೆಗೆ ಬದಲಾಗುತ್ತವೆ. ಪಕ್ಕದ ಕಟ್ಟಡದಲ್ಲಿರುವ ಗೆಳತಿಗೆ ವಾರಕ್ಕೆ ಒಂದೇ ದಿನ ಕಚೇರಿ ಎಂಬುದು ನಿಮ್ಮ ಮ್ಯಾನೇಜರ್ ಮುಂದೆ ವಾದವಾಗಿ ನಿಲ್ಲುವುದಿಲ್ಲ. ಇನ್ನೊಂದನ್ನೂ ಮರೆಯಬಾರದು: ದಾದಿಯರು, ಸ್ವಚ್ಛತಾ ಸಿಬ್ಬಂದಿ, ಊಟದ ಹಾಲ್‌ನ ಅಡುಗೆಯವರು, ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವವರು ಮಹಾಸೋಂಕಿನ ಕಾಲದಲ್ಲಿಯೂ ಕೆಲಸದ ಜಾಗಕ್ಕೆ ಹೋಗಲೇಬೇಕಾಗಿತ್ತು, ಈಗಲೂ ಹೋಗಬೇಕು. ಎರಡು ದಿನದ ಪ್ರಯಾಣದ ಬೇಸರವನ್ನು ಅವರ ಮುಂದೆ ತೋಡಿಕೊಳ್ಳದಿರುವುದು ಕನಿಷ್ಠ ಸೌಜನ್ಯ.

2020ರ ಮಾರ್ಚ್ 6ರಂದು, ಮುಂದಿನ ಸೋಮವಾರದಿಂದ ತರಗತಿಗಳು ಮುಖಾಮುಖಿಯಾಗಿ ನಡೆಯುವುದಿಲ್ಲ ಎಂದು ಈ ವಿಶ್ವವಿದ್ಯಾಲಯ ಪ್ರಕಟಿಸಿತು; ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ನಿರ್ಧಾರವನ್ನು ಮೊದಲು ಕೈಗೊಂಡದ್ದು ಇದೇ. ಆದರೆ ಸಿಬ್ಬಂದಿಯ ಓಡಾಟವನ್ನು ತಗ್ಗಿಸುವ ಯೋಚನೆ ಅದಕ್ಕಿಂತ ಬಹಳ ಹಳೆಯದು. 1991ರಲ್ಲಿ ವಾಷಿಂಗ್ಟನ್ ರಾಜ್ಯ ತಂದ ಕಾನೂನೊಂದು, ಒಬ್ಬೊಬ್ಬರೇ ಕಾರಿನಲ್ಲಿ ಕೆಲಸಕ್ಕೆ ಬರುವುದನ್ನು ಕಡಿಮೆ ಮಾಡುವ ಹೊಣೆಯನ್ನು ದೊಡ್ಡ ಉದ್ಯೋಗದಾತರ ಮೇಲೆ ಹೊರಿಸಿತು; ವಿಶ್ವವಿದ್ಯಾಲಯದ ಯು-ಪಾಸ್ ಎಂಬ ಸಾರಿಗೆ ಪಾಸ್ ಆರಂಭವಾದದ್ದೂ ಅದೇ ವರ್ಷ. ಹಾಗಾಗಿ ಮನೆಯಿಂದ ಕೆಲಸ ಎಂಬುದನ್ನು ಇಲ್ಲಿ ಕೇವಲ ಸಿಬ್ಬಂದಿಗೆ ಕೊಟ್ಟ ರಿಯಾಯಿತಿ ಎಂದು ನೋಡಬೇಕಾಗಿಲ್ಲ, ಅದಕ್ಕಾಗಿ ಸಂಕೋಚಪಡಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಮನೆಯಲ್ಲಿದ್ದ ದಿನ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ದೀಪ ಆರದಂತೆ ಲ್ಯಾಪ್‌ಟಾಪ್ ಮುಂದೆಯೇ ಕುಳಿತು ಅಭ್ಯಾಸವಾದವರು ಆ ಭಯವನ್ನು ಇಲ್ಲಿಗೂ ಹೊತ್ತು ತರುತ್ತಾರೆ. ಯಾವ ಗಂಟೆಗಳಲ್ಲಿ ಸಂಪರ್ಕಕ್ಕೆ ಸಿಗಬೇಕು, ಸಂದೇಶಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕು ಎಂಬುದನ್ನು ಮೊದಲ ವಾರದಲ್ಲೇ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿ, ಒಪ್ಪಿದ್ದನ್ನು ಒಂದು ಚಿಕ್ಕ ಇಮೇಲ್‌ನಲ್ಲಿ ಬರೆದು ಕಳಿಸಿದರೆ ಆ ಭಯದ ಮುಕ್ಕಾಲು ಭಾಗ ಕಳೆಯುತ್ತದೆ.

ಈಗ ಕಚೇರಿಯ ದಿನಗಳ ವಿಚಾರ. ಹೊಸಬರಲ್ಲಿ ಅನೇಕರು ಕಚೇರಿಗೆ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮನೆಯಲ್ಲಿ ಮಾಡಬಹುದಾಗಿದ್ದ ಸ್ಪ್ರೆಡ್‌ಶೀಟ್ ಕೆಲಸವನ್ನೇ ಮುಗಿಸಿ ಹಿಂತಿರುಗುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಆ ದಿನವನ್ನೇ ಕಳೆದುಕೊಂಡಂತೆ. ಏಕಾಗ್ರತೆ ಬೇಡುವ ಕೆಲಸವನ್ನು ಮನೆಯ ದಿನಗಳಿಗೆ ಬಿಟ್ಟು, ಕಚೇರಿಯ ದಿನವನ್ನು ಜನರಿಗಾಗಿ ಮೀಸಲಿಡಿ. ನಿಮ್ಮ ಕಡತ ನಿಮ್ಮ ಮೇಜಿನಿಂದ ಹೊರಟ ಮೇಲೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬೆನ್ನಟ್ಟಿ ನೋಡಿ. ಸಂಶೋಧನಾ ಅನುದಾನದ ಒಂದು ಖರೀದಿಯನ್ನೇ ತೆಗೆದುಕೊಂಡರೆ, ಪ್ರಾಧ್ಯಾಪಕರ ಕೋರಿಕೆ, ವಿಭಾಗದ ಹಣಕಾಸು ಸಿಬ್ಬಂದಿ, ಕೇಂದ್ರ ಖರೀದಿ ಕಚೇರಿ, ಅನುದಾನದ ಲೆಕ್ಕ ನೋಡುವವರು ಹೀಗೆ ಅದು ಹಲವು ಕೈ ದಾಟಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಕಡತ ಎಲ್ಲಿ ಸಿಕ್ಕಿಬೀಳುತ್ತದೆ, ಯಾವ ಒಂದು ಸಾಲು ಬರೆದರೆ ಮುಂದೆ ಸಾಗುತ್ತದೆ ಎಂದು ಬಲ್ಲ ಒಬ್ಬರು ಇರುತ್ತಾರೆ. ಅವರ ಹೆಸರು ಹುದ್ದೆಗಳ ಪಟ್ಟಿಯಲ್ಲಿ ಮೇಲಿರುವುದಿಲ್ಲ. ಅವರಿಗೆ ಅರ್ಧ ಗಂಟೆಯ ಕ್ಯಾಲೆಂಡರ್ ಆಹ್ವಾನ ಕಳುಹಿಸಿ, "ನಾನು ಹೊಸಬ, ನಿಮ್ಮ ಕಡೆಗೆ ಬರುವ ಕಡತಗಳಲ್ಲಿ ನಾವು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತೇವೆ ಎಂದು ತಿಳಿಯಬೇಕಿದೆ" ಎಂದು ಒಂದು ಸಾಲು ಸೇರಿಸಿ. ಇಂಥ ಕೋರಿಕೆಗೆ ಹೆಚ್ಚಿನವರು ಸಂತೋಷದಿಂದಲೇ ಸಮಯ ಕೊಡುತ್ತಾರೆ, ಏಕೆಂದರೆ ನಿಮ್ಮ ತಪ್ಪು ಕಡಿಮೆಯಾದರೆ ಹಗುರಾಗುವುದು ಅವರ ಕೆಲಸ.

ಸಮಯವನ್ನು ಮಾತ್ರ ನೋಡಿ ಆರಿಸಿಕೊಳ್ಳಬೇಕು. ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಜೂನ್ ಕೊನೆಯ ವಾರದಲ್ಲಿ ಹಣಕಾಸಿನವರಿಗೂ, ಶರತ್ಕಾಲದ ತರಗತಿಗಳು ಸೆಪ್ಟೆಂಬರ್ ಕೊನೆಗೆ ತೆರೆಯುವುದರಿಂದ ಆ ದಿನಗಳಲ್ಲಿ ವಿದ್ಯಾರ್ಥಿ ಸೇವೆಗಳವರಿಗೂ ಉಸಿರಾಡಲು ಬಿಡುವಿರುವುದಿಲ್ಲ. ಹೊಸಬರಿಗೆ ಧೈರ್ಯ ಕೊಡುವ ಒಂದು ಸಂಗತಿಯೂ ಇದೆ. 2023ರ ಜುಲೈಯಲ್ಲಿ ಈ ವಿಶ್ವವಿದ್ಯಾಲಯದ ಹಣಕಾಸು ವ್ಯವಸ್ಥೆ ಇಡಿಯಾಗಿ ವರ್ಕ್‌ಡೇ ತಂತ್ರಾಂಶಕ್ಕೆ ಬದಲಾಯಿತು. ದಶಕಗಳಿಂದ ಹಳೆಯ ಬಜೆಟ್ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದವರೂ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ತಿಳಿಯದ್ದನ್ನು ಕೇಳುವುದು ಅಲ್ಲಿ ಹೊಸಬರಿಗಷ್ಟೇ ಸೇರಿದ ವಿಷಯವಲ್ಲ.

ಖಾಸಗಿ ಕಂಪನಿಯಿಂದ ಬಂದವರಿಗೆ ಇನ್ನೊಂದು ಗೊಂದಲ ಅಧಿಕಾರದ ಬಗ್ಗೆ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಮೇಲಿನವರು ಹೇಳಿದರು, ಕೆಳಗಿನವರು ಮಾಡಿದರು ಎಂಬಂತೆ ಎಲ್ಲವೂ ನಡೆಯುವುದಿಲ್ಲ. ಶೈಕ್ಷಣಿಕ ವಿಷಯಗಳಲ್ಲಿ ಪ್ರಾಧ್ಯಾಪಕರ ಸಮಿತಿಗಳಿಗೆ ನಿಜವಾದ ಮಾತಿದೆ, ಆದ್ದರಿಂದ ನಿರ್ಧಾರಗಳು ನಿಧಾನವಾಗಿ ಬರುತ್ತವೆ. ಆ ನಿಧಾನವನ್ನು ಸೋಮಾರಿತನ ಎಂದು ತಿಳಿಯುವುದು ಅನ್ಯಾಯ. ಪ್ರಾಧ್ಯಾಪಕರು ಒಂಬತ್ತರಿಂದ ಐದರವರೆಗೆ ಕೋಣೆಯಲ್ಲಿ ಸಿಗುತ್ತಾರೆ ಎಂದು ನಿರೀಕ್ಷಿಸಬೇಡಿ. ಅವರ ಕೆಲಸದ ಲಯವೇ ಬೇರೆ. ಸಂಬೋಧನೆಯ ವಿಷಯದಲ್ಲಿ, ಡೀನ್ ಅವರನ್ನೂ ಮೊದಲ ಹೆಸರಿನಿಂದ ಕರೆಯುವುದು ಅಲ್ಲಿ ಸಾಮಾನ್ಯ. "ಸರ್", "ಮೇಡಂ" ಎಂದು ಕರೆದು ರೂಢಿಯಾದ ನಾಲಿಗೆಗೆ ಇದು ಕಷ್ಟವಾಗುತ್ತದೆ. ಪರಿಚಯವಿಲ್ಲದ ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಇಮೇಲ್‌ನಲ್ಲಿ "ಡಾಕ್ಟರ್" ಅಥವಾ "ಪ್ರೊಫೆಸರ್" ಎಂದು ಬರೆದು, ಅವರು ಉತ್ತರದ ಕೊನೆಗೆ ಬರೆದ ಹೆಸರನ್ನು ಮುಂದಿನ ಪತ್ರದಿಂದ ಬಳಸಿದರೆ ಯಾರಿಗೂ ಮುಜುಗರವಾಗುವುದಿಲ್ಲ.

ಕೆಲವು ಸಭೆಗಳ ಆರಂಭದಲ್ಲಿ, ಈ ನೆಲ ಕೋಸ್ಟ್ ಸೇಲಿಶ್ ಮೂಲನಿವಾಸಿಗಳದ್ದು ಎಂದು ಸ್ಮರಿಸುವ ಕೆಲವು ವಾಕ್ಯಗಳನ್ನು ಓದುತ್ತಾರೆ. ಝೂಮ್‌ನಲ್ಲಿ ಹಲವರು ಹೆಸರಿನ ಮುಂದೆ ತಮ್ಮನ್ನು ಯಾವ ಸರ್ವನಾಮದಿಂದ ಕರೆಯಬೇಕು ಎಂದು ಬರೆದುಕೊಂಡಿರುತ್ತಾರೆ. ಇವುಗಳ ಹಿನ್ನೆಲೆ ತಿಳಿದಿರಲಿ, ಅವರು ಬರೆದಂತೆಯೇ ಅವರನ್ನು ಕರೆಯಿರಿ. ಆದರೆ ಸಭೆಯಲ್ಲಿ ನಮ್ಮವರಿಗೆ ನಿಜವಾಗಿ ತೊಡಕಾಗುವುದು ಮೌನ. ಹಿರಿಯರು ಮಾತನಾಡುವಾಗ ಸುಮ್ಮನಿರುವುದನ್ನು ನಾವು ಗೌರವ ಎಂದು ಕಲಿತಿದ್ದೇವೆ. ಅರ್ಧ ಜನ ಪರದೆಯ ಮೇಲೆ, ಅರ್ಧ ಜನ ಕೋಣೆಯಲ್ಲಿ ಇರುವ ಸಭೆಯಲ್ಲಿ ಆ ಮೌನವನ್ನು ಯಾರೂ ಗೌರವವೆಂದು ಓದುವುದಿಲ್ಲ. ನಿಮಗೆ ಹೇಳುವುದೇನೂ ಇಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ. ಕಾರ್ಯಸೂಚಿಯನ್ನು ಹಿಂದಿನ ದಿನವೇ ಓದಿ, ಒಂದು ಪ್ರಶ್ನೆಯನ್ನಾದರೂ ಬರೆದಿಟ್ಟುಕೊಂಡು, ಸಭೆಯ ಮೊದಲ ಭಾಗದಲ್ಲೇ ಕೇಳಿಬಿಡುವುದು ಉತ್ತಮ, ಏಕೆಂದರೆ ತಡವಾದಷ್ಟೂ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಉಚ್ಚಾರಣೆ ಅರ್ಥವಾಗಲಿಲ್ಲವೆಂದು ಆಮೇಲೆ ಕೇಳಿಸಿಕೊಳ್ಳಲು ಯಾರಿಗೂ ತಿಳಿಸದೆ ಮಾತುಕತೆಯನ್ನು ಧ್ವನಿಮುದ್ರಿಸುವುದು ಮಾತ್ರ ಬೇಡ. ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಖಾಸಗಿ ಸಂಭಾಷಣೆಯನ್ನು ಧ್ವನಿಮುದ್ರಿಸಲು ಪಾಲ್ಗೊಂಡ ಎಲ್ಲರ ಒಪ್ಪಿಗೆಯೂ ಬೇಕು.

ಕಾನೂನಿನ ಮಾತು ಬಂದದ್ದರಿಂದ, ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮಾತ್ರ ಸೇರಿದ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. 1972ರಲ್ಲಿ ಮತದಾರರೇ ಜಾರಿಗೆ ತಂದ ಸಾರ್ವಜನಿಕ ದಾಖಲೆಗಳ ಕಾನೂನು ಈ ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ. ನಮ್ಮ ಮಾಹಿತಿ ಹಕ್ಕಿನಂತೆ, ಕೆಲಸಕ್ಕೆ ಸಂಬಂಧಿಸಿದ ಇಮೇಲ್ ಮತ್ತು ಚಾಟ್‌ಗಳನ್ನು ಯಾರು ಬೇಕಾದರೂ ಕೋರಬಹುದು. ಸ್ವಂತ ಫೋನಿನಿಂದ ಕಳಿಸಿದರೂ ಕೆಲಸಕ್ಕೆ ಸಂಬಂಧಿಸಿದ ಸಂದೇಶಗಳು ಸಾರ್ವಜನಿಕ ದಾಖಲೆಗಳಾಗಬಹುದು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪು ನೀಡಿದೆ. ಕಚೇರಿಯ ವಿಷಯಗಳಿಗೆಲ್ಲ ವಾಟ್ಸ್‌ಆ್ಯಪ್ ಗುಂಪು ಕಟ್ಟುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು. ವಿದ್ಯಾರ್ಥಿಗಳ ದಾಖಲೆಗಳಿಗೆ ಅಮೆರಿಕದ ಒಕ್ಕೂಟ ಸರ್ಕಾರದ 1974ರ ಕಾನೂನಿನ ರಕ್ಷಣೆ ಇರುವುದರಿಂದ, ಮನೆಯ ಹಾಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಅಂಕಪಟ್ಟಿ ತೆರೆದಿಡುವುದೂ ಸಲ್ಲದು.

ಹಾಗೆಯೇ ನಿಮ್ಮ ಹುದ್ದೆ ಓವರ್‌ಟೈಮ್‌ಗೆ ಅರ್ಹವಾದದ್ದೇ ಎಂದು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳಿ. ಅರ್ಹವಾಗಿದ್ದರೆ ವಾರಕ್ಕೆ 40 ಗಂಟೆ ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ವೇತನ ಕೊಡಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಹೀಗಿರುವಾಗ ರಾತ್ರಿ ಊಟದ ನಂತರ ಲೆಕ್ಕಕ್ಕೆ ಬರೆಯದೆ ಎರಡು ಗಂಟೆ ದುಡಿದು ನಿಷ್ಠೆ ತೋರಿಸಲು ಹೋದರೆ, ಮೆಚ್ಚುಗೆಗೆ ಬದಲು ಮ್ಯಾನೇಜರ್‌ಗೆ ಇಕ್ಕಟ್ಟು ತಂದಂತಾಗುತ್ತದೆ.

ಒಂಟಿತನವನ್ನು ಚಿಕ್ಕ ವಿಷಯವೆಂದು ತಳ್ಳಿಹಾಕಬೇಡಿ. ಡಿಸೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ಸಂಜೆ ನಾಲ್ಕೂ ಕಾಲು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಮಳೆಯ ಮೋಡದಲ್ಲಿ ಹಗಲೂ ಮಂಕಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಸಾಧ್ಯವಾದರೆ ನೀವಾಗಿಯೇ ಇನ್ನೊಂದು ದಿನ ಕಚೇರಿಗೆ ಹೋಗಿ. "ಒಮ್ಮೆ ಕಾಫಿಗೆ ಸೇರೋಣ" ಎಂದು ಹೇಳಿದವರು ಮತ್ತೆ ಆ ಮಾತೆತ್ತದಿದ್ದರೆ ಅದನ್ನು ತಿರಸ್ಕಾರವೆಂದು ಎಣಿಸದೆ, ದಿನ ಮತ್ತು ಸ್ಥಳ ಸೂಚಿಸಿ ನೀವೇ ಆಹ್ವಾನ ಕಳುಹಿಸಿ. ಭಾರತೀಯ ಸಹೋದ್ಯೋಗಿಗಳು ಸಿಕ್ಕಾಗ ಜೀವಕ್ಕೆ ಹಾಯೆನಿಸುವುದು ಸಹಜ. ಆದರೆ "ಯಾವ ಊರು" ಎಂದು ಆರಂಭವಾದ ಮಾತು "ಯಾರ ಪೈಕಿ" ಎಂಬಲ್ಲಿಗೆ ಹೋಗಬಾರದು. ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ಕಾನೂನಿನ ಮೂಲಕ ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಇದು ಮೊದಲನೆಯದು. ಕಾನೂನು ಇಲ್ಲದಿದ್ದರೂ ಆ ಪ್ರಶ್ನೆ ಎದುರಿನವರಿಗೆ ಮಾಡಬಹುದಾದ ನೋವನ್ನು ನಾವು ಅರಿತಿರಬೇಕು.

ಕೊನೆಯದಾಗಿ, ಈ ಪ್ರಶ್ನೆಯ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ: ಮನೆಯಿಂದ ಕೆಲಸ ಮಾಡಬಹುದಾದರೆ ಮೈಸೂರಿನ ಮನೆಯಿಂದಲೂ ಮಾಡಬಹುದಲ್ಲವೇ? ಹೈಬ್ರಿಡ್ ಒಪ್ಪಂದ ಅಷ್ಟು ದೂರ ಹೋಗುವುದಿಲ್ಲ. ಹೊರದೇಶದಿಂದ ಕೆಲಸ ಮಾಡಿದರೆ ತೆರಿಗೆ, ದತ್ತಾಂಶ ಭದ್ರತೆ, ತಂತ್ರಜ್ಞಾನ ರಫ್ತು ನಿಯಮಗಳು ಎಲ್ಲವೂ ಅಡ್ಡ ಬರುತ್ತವೆ, ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಸಮಯದ ಅಂತರವಂತೂ ಇದ್ದೇ ಇದೆ. ಎಚ್-1ಬಿ ವೀಸಾದಲ್ಲಿರುವವರು ದೇಶದೊಳಗೂ ಎಚ್ಚರ ವಹಿಸಬೇಕು. ವೀಸಾ ಅರ್ಜಿಯಲ್ಲಿ ಕೆಲಸದ ಸ್ಥಳ ನಮೂದಾಗಿರುತ್ತದೆ. ಸಿಯಾಟಲ್ ಮಹಾನಗರ ವ್ಯಾಪ್ತಿಯೊಳಗೇ ಇರುವ ಬಾಥೆಲ್‌ಗೋ ಟಕೋಮಾಕ್ಕೋ ಮನೆ ಬದಲಿಸಿದರೆ ಸಾಮಾನ್ಯವಾಗಿ ಹೊಸ ಅರ್ಜಿ ಬೇಕಾಗುವುದಿಲ್ಲ, ಆದರೂ ವಿಶ್ವವಿದ್ಯಾಲಯದ ವೀಸಾ ಕಚೇರಿಗೆ ತಿಳಿಸಬೇಕು. ಅದೇ ರಾಜ್ಯದ ಸ್ಪೋಕೇನ್‌ಗೆ ಹೋಗಿ ಅಲ್ಲಿನ ಮನೆಯಿಂದ ಕೆಲಸ ಮುಂದುವರಿಸುವುದಾದರೆ, ಹೋಗುವ ಮೊದಲೇ ತಿದ್ದುಪಡಿ ಅರ್ಜಿ ಸಲ್ಲಿಕೆಯಾಗಬೇಕು. ಊರಿಗೆ ಹೋಗುವುದಾದರೆ ಟಿಕೆಟ್ ಕಾಯ್ದಿರಿಸುವ ಮೊದಲು ಮ್ಯಾನೇಜರ್ ಜತೆ ಮಾತನಾಡಿ, ರಜೆಯನ್ನು ರಜೆಯಾಗಿಯೇ ಬರೆಸಿ, ಕಚೇರಿಯ ಲ್ಯಾಪ್‌ಟಾಪ್ ಒಯ್ಯಬಹುದೇ ಎಂಬುದಕ್ಕೆ ಲಿಖಿತ ಉತ್ತರ ಪಡೆದುಕೊಳ್ಳಿ. ಉತ್ತರ ಬರುವುದು ತಡವಾದರೆ ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ಹೊರಡಿ.